ಶಾಶ್ವತವಾಗಿ ಮುಚ್ಚಲಾಗಿದೆ

“ಮಾವ, ನಾವು ಅಂಗಡಿ ಮುಚ್ಚಿಬಿಟ್ಟಿದೀವಂತೆ,” ಎಂದು ಸೊಸೆ ಫೋನನ್ನು ಮಾವನ ಮುಂದೆ ಹಿಡಿದಳು. ಅಂಗಡಿಯ ಹೆಸರಿನ ಕೆಳಗೆ ಕೆಂಪು ಅಕ್ಷರದಲ್ಲಿ ‘ಶಾಶ್ವತವಾಗಿ ಮುಚ್ಚಲಾಗಿದೆ’ ಎಂದಿತ್ತು.

ಬೂಟಿನ ಅಟ್ಟೆಗೆ ಅಂಟು ಬಳಿಯುತ್ತಿದ್ದ ಮಾವ ಕನ್ನಡಕ ಏರಿಸಿ ಓದಿದರು. “ಮತ್ತೆ ಇಲ್ಲಿ ಕೂತಿರೋದು ಯಾರು, ನನ್ನ ದೆವ್ವಾನಾ?”

ನಾಲ್ಕು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ದೊಡ್ಡ ಬೀದಿಯ ಅಂಗಡಿ ನೆಲಸಮವಾಗಿತ್ತು. ಈ ಹಿಂದಿನ ಓಣಿಯ ವಿಳಾಸ ಬರೆದ ಹಲಗೆಯನ್ನು ಅಲ್ಲಿನ ಕಂಬಕ್ಕೆ ಕಟ್ಟಿ ಬಂದಿದ್ದರು. ವಾರದೊಳಗೆ ಕಂಬವೂ ಹೋಯಿತು. ವೆಬ್‌ಸೈಟ್ ಮಾಡೋಣ ಎಂದು ಸೊಸೆ ಹೇಳಿದಾಗಲೆಲ್ಲ, “ಕೈ ಚೆನ್ನಾಗಿದ್ರೆ ಕಾಲು ತಾನಾಗೇ ಬರುತ್ತೆ” ಎಂದು ಮಾವ ಅವಳ ಬಾಯಿ ಮುಚ್ಚಿಸುತ್ತಿದ್ದರು. ಇವತ್ತು ಹಾಗೆನ್ನಲಿಲ್ಲ. ಬಳಿದ ಜಾಗಕ್ಕೇ ಮತ್ತೆ ಅಂಟು ಬಳಿಯುತ್ತಾ, “ಟೀಚರಮ್ಮನೂ ಇದನ್ನೇ ನೋಡಿರ್ತಾರಾ?” ಎಂದರು.

“ಯಾವ ಟೀಚರಮ್ಮ?”

“ಎಡಗಾಲು ಎರಡು ಬೆರಳಷ್ಟು ಗಿಡ್ಡ ಅವರಿಗೆ. ಹನ್ನೊಂದು ವರ್ಷ, ಶಾಲೆ ಶುರುವಾಗೋ ಮುಂಚೆ ಬಂದು ಒಂದು ಜೊತೆ ಹೊಲಿಸ್ಕೊಂಡು ಹೋಗೋರು.” ಅಂಟಿನ ಡಬ್ಬಿ ಮುಚ್ಚಿ, “ಮಾಡು, ನಿನ್ನ ವೆಬ್‌ಸೈಟ್,” ಎಂದರು.

ಅವಳು ವಿಳಾಸ, ಸಮಯ, ದಾರಿಯ ನಕ್ಷೆ ಎಲ್ಲ ಹಾಕಿದಳು. ಕೆಲಸ ಮಾಡುವ ಕೈಗಳ ಫೋಟೋ ಸಾಕೆಂದರೆ ಮಾವ ಒಪ್ಪಲಿಲ್ಲ. ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು ಬಂದು, “ಮುಖ ಕಾಣ್ಲಿ. ಹಳೇ ಮನುಷ್ಯನೇ ಅಂತ ಗೊತ್ತಾಗ್ಬೇಕು,” ಎಂದರು. ಮಾರನೆಯ ದಿನದಿಂದ ಬೆಳಗಾದರೆ ಒಂದೇ ಪ್ರಶ್ನೆ: “ಯಾರಾದ್ರೂ ನೋಡಿದ್ರಾ?”

“ಹದಿನೇಳು ಜನ ನೋಡಿದಾರೆ ಮಾವ.”

“ಅದ್ರಲ್ಲಿ ಕುಂಟೋರು ಎಷ್ಟು?”

“ಅದೆಲ್ಲ ತೋರಿಸಲ್ಲ.”

“ಮತ್ತೇನು ತೋರಿಸುತ್ತೆ, ಸುಡುಗಾಡು,” ಎಂದು ಗೊಣಗಿ ಕೆಲಸಕ್ಕೆ ಕೂರುತ್ತಿದ್ದರು. ಹೊಸಬರು ಫೋನ್ ಮಾಡತೊಡಗಿದರು. ಒಬ್ಬ ತಾಯಿ ಪೋಲಿಯೋ ಆದ ಮಗಳನ್ನು ಕರೆತಂದಳು. ಮಾವ ಎಲ್ಲರಿಗೂ ಅಳತೆ ತೆಗೆದರು. ಬಾಗಿಲ ಬಳಿ ಹೆಜ್ಜೆ ಸದ್ದಾದರೆ ಮಾತ್ರ ಕೈ ನಿಲ್ಲುತ್ತಿತ್ತು.

ಹನ್ನೆರಡನೆಯ ದಿನ ಮಧ್ಯಾಹ್ನ ಟೀಚರಮ್ಮ ಬಂದರು. ಕೈಯಲ್ಲಿ ಕೋಲು, ಕಾಲಲ್ಲಿ ಯಾವುದೋ ಕಾರ್ಖಾನೆಯ ಚಪ್ಪಲಿ. ಕುರ್ಚಿ ಹಿಡಿದು ಕೂತು ಉಸಿರು ತೆಗೆದುಕೊಂಡರು. “ಹಳೇ ಜಾಗಕ್ಕೆ ಎರಡು ಸಲ ಹೋದೆ. ಅಕ್ಕಪಕ್ಕದ ಅಂಗಡಿಗಳೂ ಇರಲಿಲ್ಲ, ಯಾರನ್ನ ಕೇಳೋದು? ಫೋನಲ್ಲಿ ನೋಡಿದ್ರೆ ಮುಚ್ಚಿದೆ ಅಂತ. ಮೊನ್ನೆ ಅದೇ ಫೋನಲ್ಲಿ ನಿಮ್ಮ ಮುಖ ನೋಡೋವರೆಗೂ ನೀವು ಹೋಗಿಬಿಟ್ರಿ ಅಂದ್ಕೊಂಡಿದ್ದೆ.”

“ನಾನೆಲ್ಲಿ ಹೋಗ್ತೀನಿ ಟೀಚರಮ್ಮ,” ಎಂದು ಮಾವ ನೆಲಕ್ಕೆ ಕೂತು ಅವರ ಪಾದವನ್ನು ಕಾಗದದ ಮೇಲೆ ಇರಿಸಿಕೊಂಡರು. ಅಳೆದರು. ಎರಡೂ ಕಾಲನ್ನು ಜೋಡಿಸಿ ಮತ್ತೊಮ್ಮೆ ಅಳೆದರು. ಎರಡು ಬೆರಳಷ್ಟಿದ್ದ ಎಡಗಾಲಿನ ಕೊರತೆ ಮೂರಾಗಿತ್ತು.

“ಸೊಂಟ ವಾಲಿದೆಯಂತೆ. ನಿಂತು ಪಾಠ ಮಾಡೋಕಾಗ್ಲಿಲ್ಲ. ಹೋದ ವರ್ಷ ಶಾಲೆ ಬಿಟ್ಟೆ.” ಅವರು ಯಾರನ್ನೂ ದೂರುವ ದನಿಯಲ್ಲಿ ಹೇಳಲಿಲ್ಲ. ಮಾವ ಮಾತ್ರ ತಲೆ ಎತ್ತದೆ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು.

ಆರು ದಿನ ಬೇರೆ ಕೆಲಸ ಮುಟ್ಟದೆ ಬೂಟು ಹೊಲಿದರು. ಏಳನೆಯ ದಿನ ಟೀಚರಮ್ಮ ಅದನ್ನು ಹಾಕಿಕೊಂಡು, ಕೋಲನ್ನು ಗೋಡೆಗೆ ಒರಗಿಸಿ, ಬಾಗಿಲವರೆಗೆ ನಡೆದು ವಾಪಸು ಬಂದರು. ಇನ್ನೊಮ್ಮೆ ನಡೆದರು. “ಎಷ್ಟು ದಿನ ಬರುತ್ತೆ ಇದು?”

“ಬೂಟು ಗಟ್ಟಿ. ಆದ್ರೆ ತಿಂಗಳಿಗೊಂದ್ಸಲ ತಂದು ತೋರಿಸ್ಬೇಕು. ನಮ್ಮಲ್ಲಿ ಹಾಗೇ ಪದ್ಧತಿ.”

“ಆಗ್ಲಿ, ಬರ್ತೀನಿ,” ಎಂದು ಅವರು ಹೊರಟರು.

ಮದುವೆಯಾಗಿ ಬಂದ ಆರು ವರ್ಷದಲ್ಲಿ ಇಂಥ ಪದ್ಧತಿಯನ್ನು ಸೊಸೆ ಕೇಳಿದ್ದು ಇದೇ ಮೊದಲು. “ಇದನ್ನೂ ವೆಬ್‌ಸೈಟಿಗೆ ಹಾಕ್ಲಾ ಮಾವ?”

ಮಾವ ಓಣಿಯ ಕಡೆ ನೋಡುತ್ತಲೇ ಇದ್ದರು. “ಬೇಡ. ಅದು ಎಲ್ಲರಿಗೂ ಅಲ್ಲ.”