ಕುರ್ಚಿ ಇಲ್ಲದ ಆಫೀಸು

ಜಿನದತ್ತ ಬೆಳಿಗ್ಗೆ ಬಂದವನೇ ಆಫೀಸಿನ ಕುರ್ಚಿಗಳನ್ನೆಲ್ಲ ಎತ್ತಿ ಹೊರಗಿನ ಗ್ಯಾಲರಿಗೆ ಒಗೆದ. ಗೋಕಾಕದ ಬಸ್ ಸ್ಟ್ಯಾಂಡ್ ಎದುರು, ಗೊಬ್ಬರದಂಗಡಿಯ ಮೇಲಿದ್ದ ಆ ಸಾಫ್ಟ್‌ವೇರ್ ಕಂಪನಿಯಲ್ಲಿ ಇದ್ದವರೇ ಇಬ್ಬರು. ಸಿಟ್ಟು ಮಾಡುವವನು ಜಿನದತ್ತ, ಕೆಲಸ ಮಾಡುವವಳು ದೀಪಾಲಿ.

"ಇವತ್ತಿನಿಂದ ದಿನಾ ಮುಂಜಾನಿ ನಿಂತ ಮೀಟಿಂಗ್ ಮಾಡೂದು," ಎಂದ. "ನಿಂತ್ರ ಮಾತು ಸಣ್ಣ ಆಗ್ತಾವ, ಕೆಲಸ ಲಗೂ ಆಗ್ತಾವ. ಪುಣೇದಾಗ ದೊಡ್ಡ ದೊಡ್ಡ ಕಂಪನ್ಯಾವ್ರು ಹಿಂಗ ಮಾಡ್ತಾರ. ಇದಕ್ಕ ಅಜೈಲ್ ಅಂತಾರ."

ಎರಡು ದಿನ ಪುಣೆಯ ತರಬೇತಿಯಲ್ಲಿದ್ದು ಅವನು ಕಲಿತು ಬಂದದ್ದು ಇಷ್ಟೇ. ನಾಗನೂರ ಸಾಲಿಯಲ್ಲಿ ಮಾಸ್ತರರು ಇದೇ ನಿಲ್ಲಿಸುವ ಕೆಲಸವನ್ನು ಶಿಕ್ಷೆಯೆಂದು ಪುಕ್ಕಟೆ ಮಾಡುತ್ತಿದ್ದರು, ಪುಣೆಯವರು ಫೀಜು ತೆಗೆದುಕೊಂಡು ಮಾಡಿದರು. ಈ ಮಾತು ಅವನಿಗೂ ಅಲ್ಲೇ ಹೊಳೆದಿತ್ತು. ಆದರೆ ಸರ್ಟಿಫಿಕೇಟಿನ ಮೇಲೆ ಬಂಗಾರದ ಬಣ್ಣದಲ್ಲಿ ತನ್ನ ಹೆಸರು ನೋಡಿದ ಮೇಲೆ ಮರೆತಿದ್ದ.

ಅಷ್ಟರಲ್ಲಿ ಮಮದಾಪುರದ ಮಾಲಿಂಗಪ್ಪ ಮೆಟ್ಟಿಲು ಹತ್ತಿ ಬಂದ. ಕುರಿಗಾರರ ಸಂಘದ ಅಧ್ಯಕ್ಷ. ಯಾವ ಹಿಂಡಿನ ಯಾವ ಮರಿಗೆ ಯಾವಾಗ ಲಸಿಕೆ ಹಾಕಿಸಬೇಕೆಂದು ತಾನಾಗಿಯೇ ನೆನಪು ಮಾಡಿಕೊಡುವ ಪ್ರೋಗ್ರಾಂ ಸಂಘಕ್ಕೆ ಬೇಕಿತ್ತು. ಉಳಿದವರೆಲ್ಲ ಬೇಡ ಬೇಡ ಎಂದರೂ ಹಟ ಹಿಡಿದು ಅದನ್ನು ಜಿನದತ್ತನಿಗೆ ಕೊಡಿಸಿದವನು ಮಾಲಿಂಗಪ್ಪ. ಶುಕ್ರವಾರದ ಸಭೆಯಲ್ಲಿ ಅದನ್ನು ಎಲ್ಲರಿಗೂ ತೋರಿಸಬೇಕು. ಈ ಕೆಲಸ ಕೈಬಿಟ್ಟು ಹೋದರೆ ಜಿನದತ್ತ ಕಂಪನಿಗೆ ಕೀಲಿ ಜಡಿದು, ಹುಕ್ಕೇರಿಯಲ್ಲಿ ಹೆಂಡತಿಯ ಅಣ್ಣನ ಸಿಮೆಂಟಿನ ಅಂಗಡಿಯಲ್ಲಿ ಕೂಡಬೇಕು. ಆ ಪುಣ್ಯಾತ್ಮ ಆಗಲೇ ಒಂದು ಸ್ಟೂಲು ತಂದಿಟ್ಟಿದ್ದಾನೆಂದು ಸುದ್ದಿ.

"ಬರ್ರಿ ಕಾಕಾ. ನಿಂದರ್ರಿ."

ಮಾಲಿಂಗಪ್ಪ ಸುತ್ತ ನೋಡಿದ. "ಯಾಕಪಾ, ಬ್ಯಾಂಕಿನ್ಯಾವ್ರು ಕುರ್ಚಿ ಜಪ್ತಿ ಮಾಡ್ಕೊಂಡ ಹೋದ್ರೇನು?"

"ಇಲ್ರಿ, ಇದು ಹೊಸಾ ಪದ್ಧತಿ. ಗಿರಾಕಿನೂ ನಿಂತ ಕೇಳಬೇಕಂತ ಐತಿ."

"ಹೌದಾ? ಬಂದಾವ್ರನ್ನ ನಿಂದರಿಸಿ ಮಾತಾಡ್ಸಾವ್ರು ಪೊಲೀಸ್ರು ಅಷ್ಟ ಅಂತ ತಿಳಕೊಂಡಿದ್ನಿ."

ಜಿನದತ್ತನ ಮೂಗಿನ ತುದಿ ಕೆಂಪಾಯಿತು. ಗಿರಾಕಿಯ ಮೇಲೆ ಒದರುವಂತಿಲ್ಲ. ದೀಪಾಲಿಯ ಕಡೆ ತಿರುಗಿ, ಕಲಿತು ಬಂದ ಮೂರು ಪ್ರಶ್ನೆಗಳನ್ನು ಕೇಳಿದ. "ನಿನ್ನಿ ಏನ ಮಾಡಿದಿ? ಇವತ್ತ ಏನ ಮಾಡ್ತಿ? ಏನರ ಅಡ್ಡ ಬಂದೈತೇನು?"

"ನಿನ್ನಿ ಮರೀದು ಮಾಡಿದ್ನಿ. ಇವತ್ತೂ ಅದನ್ನ ಮಾಡ್ತೀನಿ. ಅಡ್ಡ... ಏನೂ ಇಲ್ರಿ ಸರ್."

"ನೋಡ್ರಿ ಕಾಕಾ! ಮುಗೀತು ಮೀಟಿಂಗ್!"

ಮಾಲಿಂಗಪ್ಪ ಹೆಗಲ ಮೇಲಿನ ಕರಿ ಕಂಬಳಿ ತೆಗೆದು, ಜಾಡಿಸಿ, ನೆಲಕ್ಕೆ ಹಾಸಿದ. ಚಪ್ಪಲಿ ಬಿಟ್ಟು ಕೂತ. "ಬಾ ತಂಗಿ, ಕುಂಡ್ರ. ನೀನೂ ಕುಂಡ್ರೋ." ಇಬ್ಬರೂ ಕೂತರು. "ನಮ್ಮ ಮಂದ್ಯಾಗ ಕಂಬಳಿ ಮ್ಯಾಲ ಕುಂತ ಸುಳ್ಳ ಹೇಳಾಂಗಿಲ್ಲ. ಹೇಳಿದ್ರ ಹಿಂಡಿಗಿ ಕೇಡು. ಈಗ ಹೇಳವಾ, ಏನ ಅಡ್ಡ ಬಂದೈತಿ?"

ದೀಪಾಲಿ ಕಂಬಳಿಯ ಒಂದು ಎಳೆಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಸರ್ ಅಡ್ಡ ಬಂದಾರ್ರಿ."

"ಏನಂದಿ?" ಜಿನದತ್ತ ಅರ್ಧ ಎದ್ದ. ಮಾಲಿಂಗಪ್ಪ ಅವನ ಅಂಗಿ ಹಿಡಿದು ಜಗ್ಗಿ ಕೂಡಿಸಿದ.

"ನಾ ಎಲ್ಲಾ ಹೊಸದಾಗಿ ವಿಷುವಲ್ ಬೇಸಿಕ್‌ನಾಗ ಬರದೇನ್ರಿ. ಸರ್ ಹತ್ತ ವರ್ಷದ ಹಿಂದ ಫಾಕ್ಸ್‌ಪ್ರೋದಾಗ ಬರದದ್ದ ಹಳೇ ಪ್ರೋಗ್ರಾಂದ ಒಂದ ತುಂಡ ಐತಿ, ಅದು ನಡಬರಕ ಇರಾಕಬೇಕಂತಾರ. ಅದರಾಗ ಮರಿಗೋಳು ತಾಯಿ ಹೆಸರಿನ ಕೆಳಗ ಬರ್ತಾವ. ತಾಯೀನ ಮಾರೇವಿ ಅಂತ ಒತ್ತಿದ್ರ ಅದರ ಜೋಡಿ ಮರೀನೂ ಅಳಿಸಿ ಹೋಗ್ತಾವ. ಹೇಳಾಕ ಹೋದ್ರ ಮೈಮ್ಯಾಲ ಬರ್ತಾರ್ರಿ."

"ಅಂದ್ರ ತಾಯೀನ ಸಂತ್ಯಾಗ ಮಾರಿದ್ರ, ಕುರಿ ದಡ್ಡ್ಯಾಗ ಉಳದ ಮರಿಗಿ ಲಸಿಕಿ ಇಲ್ಲ?"

"ಇಲ್ರಿ. ಕಂಪ್ಯೂಟರಿಗಿ ಆ ಮರಿ ಹುಟ್ಟೇ ಇಲ್ಲ."

ಮಾಲಿಂಗಪ್ಪ ತಿರುಗಿದ. "ಖರೇನೋ?"

ಜಿನದತ್ತ ಒದರಲೆಂದೇ ಬಾಯಿ ತೆರೆದಿದ್ದ. ಆದರೆ ಕಂಬಳಿಯ ಉಣ್ಣೆ ಪ್ಯಾಂಟಿನೊಳಗಿಂದ ಚುಚ್ಚುತ್ತಿತ್ತು. "ಖರೇರಿ," ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಅದೊಂದ ತುಂಡ ಅಷ್ಟರೀ ನಾ ಯಾರ್ನೂ ಕೇಳ್ದ ಬರದದ್ದು. ಉಳದದ್ದೆಲ್ಲಾ ಮಂದಿ ಬರದಾರ."

"ಕಿತ್ತ ಒಗಿ ಅದನ್ನ. ಶುಕ್ರವಾರ ಒಂದ ಮರಿ ಕಮ್ಮಿ ಬಂದ್ರೂ ಈ ಕೆಲಸ ಬೆಳಗಾವಿ ಕಂಪನ್ಯಾವ್ರಿಗೆ." ಮಾಲಿಂಗಪ್ಪ ಎದ್ದ. "ಕಂಬಳಿ ಇಲ್ಲೇ ಇರ್ಲಿ. ಅಲ್ಲೀತನಕ ಇದರ ಮ್ಯಾಲ ಕುಂತ ಮೀಟಿಂಗ್ ಮಾಡ್ರಿ."

ಮರುದಿನ ಬೆಳಿಗ್ಗೆ ಇಬ್ಬರೂ ಕಂಬಳಿಯ ಮೇಲೆ ಕೂತಿದ್ದರು. ಮೇಜಿನ ಮೇಲಿನ ಪರದೆಯಲ್ಲಿ ಆ ಹಳೆಯ ತುಂಡು ಹಾಗೆಯೇ ತೆರೆದುಕೊಂಡಿತ್ತು.

"ತಗೀಲೇನ್ರಿ ಸರ್?" ಎಂದು ದೀಪಾಲಿ ಕೇಳಿದಳು.

"ತಡಿ. ಏನ ಗಡಿಬಿಡಿ ಐತಿ?" ಎಂದ. ಅದರ ಒಂದೊಂದು ಸಾಲೂ ಅವನಿಗೆ ಬಾಯಿಪಾಠ.

ಫೋನು ಬಡಿದುಕೊಂಡಿತು. ದೀಪಾಲಿ ಅದನ್ನು ಎತ್ತಿ ತಂದು ಕಂಬಳಿಯ ಮೇಲಿಟ್ಟಳು. ಜಿನದತ್ತ ಕಿವಿಗೆ ಹಿಡಿದ. ಮಾಲಿಂಗಪ್ಪನ ದನಿ ಅವಳಿಗೂ ಕೇಳುವಷ್ಟು ದೊಡ್ಡದಿತ್ತು. "ಏನಪಾ, ಕಿತ್ತ ಒಗದ್ಯೋ ಇಲ್ಲೋ?"

ಜಿನದತ್ತ ದೀಪಾಲಿಯ ಮುಖ ನೋಡಲಿಲ್ಲ. ಫೋನನ್ನು ಹಾಗೆಯೇ ಎತ್ತಿಕೊಂಡು ಎದ್ದ, ವಾಯರು ಜಗ್ಗಿಕೊಂಡು ಕಂಬಳಿಯ ಅಂಚು ದಾಟಿದ, ಬರಿಗಾಲಲ್ಲಿ ತಣ್ಣನೆಯ ಫರಸಿ ನೆಲದ ಮೇಲೆ ಹೋಗಿ ನಿಂತ.

"ಒಗದೇನ್ರಿ ಕಾಕಾ," ಎಂದ.