ಹನ್ನೆರಡನೆಯ ಕುರ್ಚಿ

ಶಾಲೆಯ ಅಡುಗೆ ಕೆಲಸದಿಂದ ನಿವೃತ್ತಳಾದ ಕಪ್ಪು ಹೆಂಗಸು ಅರ್ನೆಸ್ಟೀನಳಿಗೆ, ಕೋರ್ಟಿನಲ್ಲಿ ತೀರ್ಪು ಹೇಳುವ ಹನ್ನೆರಡು ಊರವರ ಜ್ಯೂರಿಗೆ ಕರೆ ಬಂದದ್ದು ಇದು ಐದನೇ ಸಲ. ಹಿಂದಿನ ನಾಲ್ಕು ಸಲವೂ ಸರ್ಕಾರಿ ವಕೀಲ ಅವಳನ್ನು ಬೇಡವೆಂದು ವಾಪಸ್ ಕಳಿಸಿದ್ದ. ಒಮ್ಮೆ ಬಬಲ್‌ಗಮ್ ಅಗಿದದ್ದಕ್ಕೆ, ಒಮ್ಮೆ ಕೈಕಟ್ಟಿ ಕೂತದ್ದಕ್ಕೆ, ಒಮ್ಮೆ ನಕ್ಕದ್ದಕ್ಕೆ, ಇನ್ನೊಮ್ಮೆ ನಗದೇ ಇದ್ದದ್ದಕ್ಕೆ. ಮೈಬಣ್ಣ ನೋಡಿ ಯಾರನ್ನೂ ಜ್ಯೂರಿಯಿಂದ ತೆಗೆಯಬಾರದೆಂದು ಕಾನೂನಿದೆಯಲ್ಲ, ಹಾಗಾಗಿ ನಮ್ಮ ಮಿಸಿಸಿಪ್ಪಿಯ ವಕೀಲರು ಬೇರೆ ಕಾರಣ ಹುಡುಕುವುದರಲ್ಲಿ ಪಳಗಿಬಿಟ್ಟಿದ್ದಾರೆ.

ಈ ಸಲ ಅವಳು ಬಿಡುವವಳಲ್ಲ. ಅಂಗಡಿ ದೋಚಿದ ಆರೋಪ ಹೊತ್ತ ಲೂಷಿಯಸ್ ಇಪ್ಪತ್ತರ ಕಪ್ಪು ಹುಡುಗ. ಪರಿಚಯದವನೇನಲ್ಲ. ಆದರೂ ಇನ್ನೂ ಇಪ್ಪತ್ತು ವರ್ಷ ಜೈಲಿನಲ್ಲಿ ಕಳೆಯಬೇಕಾಗಬಹುದಾದವನ ಮಾತು ಕೇಳಲು ಹನ್ನೆರಡರಲ್ಲಿ ಒಬ್ಬಳಾದರೂ ತನ್ನಂಥವಳಿರಲಿ ಎಂಬ ಹಟ ಅವಳದು. ತಂಗಿ ವರ್ನೀಸ್ ಬೆಳಿಗ್ಗೆಯೇ ತಾಲೀಮು ಮಾಡಿಸಿದ್ದಳು.

"ಟೋಪಿ ಬೇಡ ಅಕ್ಕ. ಚರ್ಚಿನೋಳು, ಕರುಣೆ ಜಾಸ್ತಿ ಅಂತಾರೆ."

"ನಗ್ಲಾ, ಬೇಡ್ವಾ?"

"ಅರ್ಧ ನಗು."

ಕೋರ್ಟಿನಲ್ಲಿ ಅರ್ಧ ನಗುತ್ತಲೇ ಅವಳು ಸರ್ಕಾರಿ ವಕೀಲನ ಪ್ರಶ್ನೆಗಳಿಗೆಲ್ಲ ಉತ್ತರಿಸಿದಳು. ಕೊನೆಗೆ ವಕೀಲ, ಈಗ ಏನು ಓದುತ್ತಿದ್ದೀರಿ ಎಂದು ಕೇಳಿದ. ಮಾಡದ ತಪ್ಪಿಗೆ ಕಪ್ಪು ಮನುಷ್ಯನೊಬ್ಬನನ್ನು ಗಲ್ಲಿಗೇರಿಸುವ ಕಾದಂಬರಿ ಅದು. ಸುಳ್ಳಾಡುವುದಿಲ್ಲವೆಂದು ಪ್ರಮಾಣ ಮಾಡಿದ್ದಳಲ್ಲ, ಹೇಳಿಬಿಟ್ಟಳು.

"ಅದನ್ನ ನಾನೂ ಓದಿದೀನಿ ಸಾರ್," ಎಂದ ಅವಳಂತೆಯೇ ಆಯ್ಕೆಗೆಂದು ಪಕ್ಕದಲ್ಲಿ ಕೂತಿದ್ದ ಬಿಳಿಯ, ಗೊಬ್ಬರದಂಗಡಿಯ ವೆಂಡೆಲ್. "ಅತ್ತೇಬಿಟ್ಟೆ."

ವಕೀಲ ಅರ್ನೆಸ್ಟೀನಳ ಹೆಸರು ಹೊಡೆದುಹಾಕಿದ. ಅಂಥ ಕಾದಂಬರಿ ಓದುವವರು ಮೊದಲೇ ಒಂದು ಕಡೆ ವಾಲಿರುತ್ತಾರಂತೆ. ವೆಂಡೆಲ್ ಹನ್ನೆರಡನೆಯ ಕುರ್ಚಿಗೆ ಆಯ್ಕೆಯಾದ. ಲೂಷಿಯಸ್‌ನ ವಕೀಲ ಆಕ್ಷೇಪಿಸಿದರೆ, ನ್ಯಾಯಾಧೀಶರು "ಇದರಲ್ಲಿ ಬಣ್ಣದ ಮಾತೇ ಬಂದಿಲ್ಲವಲ್ಲ" ಎಂದು ಮುಂದಿನ ಕಾಗದ ತಿರುವಿದರು. ಅರ್ನೆಸ್ಟೀನಳಿಗೆ ಮೈಯೆಲ್ಲ ಉರಿಯಿತು.

ವಿಚಾರಣೆ ಶುರುವಾಗುವ ಮೊದಲು ಸಿಕ್ಕ ಬಿಡುವಿನಲ್ಲಿ ವೆಂಡೆಲ್ ಅವಳಿಗೂ ಒಂದು ಕಾಫಿ ಹಿಡಿದು ಬಂದ. ಚಿಕ್ಕಂದಿನಲ್ಲಿ ಅವಳ ಕೈಯಡುಗೆ ಉಂಡವನೇ.

"ಬೇಜಾರಾಯ್ತು ಮಿಸ್ ಅರ್ನೆಸ್ಟೀನ್. ನೀವೂ ಇರ್ಬೇಕಿತ್ತು. ಆ ಪುಸ್ತಕದ ಜ್ಯೂರೀಲಿ ಹನ್ನೆರಡೂ ಜನ ಬಿಳಿಯರೇ ನೋಡಿ. ಒಬ್ಬನಿಗಾದ್ರೂ ನಾಚಿಕೆ ಆಗ್ಲಿಲ್ವಲ್ಲ ಅಂತ ಮೂರು ದಿನ ನಂಗೆ ಊಟ ಸೇರ್ಲಿಲ್ಲ."

"ನಿನ್ನ ಪಕ್ಕ ಯಾರು ಕೂತಿದಾರೆ ವೆಂಡೆಲ್?"

"ಬ್ಯಾಂಕಿನ ರಾಯ್."

"ಅವನ ಪಕ್ಕ?"

"ನಮ್ಮ ಚರ್ಚಿನ ಟಾಮಿ."

"ಅವನಾಚೆ?"

ವೆಂಡೆಲ್ ಬೆರಳು ಮಡಚುತ್ತ ಎಣಿಸಿದ; ತನ್ನನ್ನೂ ಸೇರಿಸಿ ಹನ್ನೆರಡೂ ಬಿಳಿಯರೇ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಜ್ಯೂರಿ ಬಂದು ಕೂತಾಗ ರೂಢಿಯಂತೆ ಲೂಷಿಯಸ್ ಎದ್ದು ನಿಂತು, ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋದ. ಹನ್ನೊಂದು ಮಂದಿ ಅವನನ್ನು ನೆಟ್ಟಗೆ ದಿಟ್ಟಿಸಿದರು. ವೆಂಡೆಲ್ ಮಾತ್ರ ಬಗ್ಗಿ, ಗಟ್ಟಿಯಾಗಿ ಕಟ್ಟಿಯೇ ಇದ್ದ ಬೂಟಿನ ಲೇಸನ್ನು ಮತ್ತೆ ಕಟ್ಟತೊಡಗಿದ.