ಎಳೆ ಹೋದ ದಾರಿ

ದಾಸಪ್ಪ ಆಕ್ಸಿಲರೇಟರ್‌ನಿಂದ ಕಾಲು ತೆಗೆದೊಡನೆ ಹಳೆಯ ಕಾರು ಗಡಗಡ ನಡುಗಿ ಮತ್ತೆ ನಿಂತುಹೋಯಿತು. ಹೊಸ ಸೆನ್ಸರ್ ಹಾಕಿದ್ದೂ ದಂಡ. "ಇನ್ನೊಂದು ಸೆನ್ಸರೂ ಹೋಗೈತೆ ಕಣಣ್ಣ," ಎಂದು ಮೆಕ್ಯಾನಿಕ್ ಬಾಲರಾಜು ಟೆಸ್ಟರ್ ಎತ್ತಿಕೊಂಡ. ಹಿಂದಿನ ಸೀಟಿನ ತುಂಬ ರೇಷ್ಮೆಗೂಡಿನ ಮೂಟೆಗಳು. ರಾಮನಗರದ ಮಾರ್ಕೆಟ್ಟಿನಲ್ಲಿ ಹರಾಜು ಶುರುವಾಗಲು ಅರ್ಧ ಗಂಟೆಯಷ್ಟೇ ಉಳಿದಿತ್ತು.

"ಅದೇನ್ ಹೋಗೈತೋ ಒಸಿ ನಂಗೂ ತೋರ್ಸಪ್ಪ," ಎಂದು ದಾಸಪ್ಪನ ಹೆಂಡತಿ ಕೆಂಚಮ್ಮ ಬಾನೆಟ್ಟಿನೊಳಕ್ಕೆ ಬಗ್ಗಿದಳು. ದಾಸಪ್ಪ ಮತ್ತೆ ಸ್ಟಾರ್ಟ್ ಮಾಡಿ, ನಿಂತುಹೋಗದಂತೆ ಆಕ್ಸಿಲರೇಟರ್ ತುಸು ಒತ್ತಿಹಿಡಿದ. ಬೆಳಗಿನಿಂದ ಗೂಡು ಬಿಡಿಸಿದ್ದ ಅವಳ ಸೆರಗಿಗೆಲ್ಲ ರೇಷ್ಮೆಯ ನವಿರು ಎಳೆಗಳು ಅಂಟಿಕೊಂಡಿದ್ದವು. ಅದರಲ್ಲೊಂದು ಮೆಲ್ಲಗೆ ಎದ್ದು ತೇಲಿ, ರಬ್ಬರ್ ಪೈಪಿನ ಅಡಿಗೆ ಸರ್ರನೆ ನುಗ್ಗಿ ಮಾಯವಾಯಿತು.

"ಅಯ್ಯೋ, ನಿನ್ ಪೈಪು ನನ್ ಎಳೆನ ನುಂಗ್ಬುಡ್ತಲ್ಲೋ!"

ಬಾಲರಾಜು ಪೈಪಿನ ಅಡಿ ತಡಕಿದ. ಬೆರಳಿಗೆ ಬಿರುಕು ಸಿಕ್ಕಿತು. ಒತ್ತಿ ಹಿಡಿದದ್ದೇ ತಡ, ನಡುಗುತ್ತಿದ್ದ ಎಂಜಿನ್ ಒಂದೇ ಸಮನೆ ಗುನುಗತೊಡಗಿತು. "ಇಲ್ಲಿಂದ ಗಾಳಿ ಎಳ್ಕೊತಿತ್ತು ಕಣಕ್ಕ. ಸೆನ್ಸರ್ ಸರಿಯಾಗೇ ಐತೆ," ಎಂದು ನಾಲಿಗೆ ಕಚ್ಚಿಕೊಂಡು ಟೇಪಿಗಾಗಿ ಕೈಚಾಚಿದ.

ಪೈಪಿಗೆ ಟೇಪು ಸುತ್ತಿಯಾಯಿತು. ಕೆಂಚಮ್ಮ ಕಾರು ಹತ್ತುವ ಮುನ್ನ ಸೆರಗಿನಿಂದ ಇನ್ನೊಂದು ಎಳೆ ಬಿಡಿಸಿ ಬಾಲರಾಜುವಿನ ಟೆಸ್ಟರಿಗೆ ಸುತ್ತಿದಳು.

"ಮಡಿಕ್ಕೋ. ಇದಕ್ಕೆ ಬ್ಯಾಟ್ರಿನೂ ಬ್ಯಾಡ."